ಟಿ.ವಿ.ಯ ಜೊತೆಗೆ ಒಂದು ಕೀಲಿಕೈ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಗೆ ದೊಡ್ಡ ಟಿ.ವಿ. ಕೊಡಿಸಲು ನಮ್ಮ ಸಂಘ ತೀರ್ಮಾನಿಸಿದೆ. ಸಂತೋಷ. ನನ್ನ ವಂತಿಗೆಯನ್ನೂ ಕೊಟ್ಟಿದ್ದೇನೆ. ಆದರೂ ಒಂದು ಮಾತು ಹೇಳಬೇಕು.

ನಮ್ಮ ರಾಯಚೂರು ಸೀಮೆಗೆ ಟಿ.ವಿ. ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನಮ್ಮ ವಿಜ್ಞಾನಿಗಳು ಟಿ.ವಿ. ಮುಟ್ಟಿಸಿದರು. ಕರ್ನಾಟಕದಲ್ಲಿ ಅದು ಬಂದದ್ದು ಬೆಂಗಳೂರಿಗಲ್ಲ. ರಾಯಚೂರು, ಗುಲ್ಬರ್ಗಾ, ವಿಜಾಪುರದ ಹಳ್ಳಿಗಳಿಗೆ! ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ನಾನು ಮೊದಲು ಟಿ.ವಿ. ನೋಡಿದ್ದು ಆಗಲೇ. ಪ್ರಾಥಮಿಕ ಶಾಲೆಯ ಹತ್ತಿರ ತಂತಿಬಲೆಯ ದೊಡ್ಡ ಛತ್ರಿ ನಿಲ್ಲಿಸಿದ್ದರು. ಅರ್ಧ ಗಂಟೆಯೂ ಇಲ್ಲದ ಕಾರ್ಯಕ್ರಮ. ಮುಗಿದ ಕೂಡಲೇ ಮಾಸ್ತರರು, "ಏನ್ ನೋಡಿದ್ರಿ? ಅದು ಹಂಗ್ಯಾಕಾತು?" ಎಂದು ಕೇಳುತ್ತಿದ್ದರು. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಇನ್ನೊಂದು. ನಾವು ಕಲಿತದ್ದು ಹೆಚ್ಚಾಗಿ ಆ ಜಗಳದಲ್ಲೇ.

ಈಗ ಮಗು ಒಂದೇ ಕೂತು ನೋಡುತ್ತದೆ. ಏನು ನೋಡಿದೆ ಎಂದು ಕೇಳುವವರಿಲ್ಲ. ಉಣ್ಣಿಸಲು ಟಿ.ವಿ. ಹಚ್ಚುವ ತಾಯಂದಿರನ್ನು ನಾನು ದೂರುವುದಿಲ್ಲ. ಹೊಲ, ಮನೆ ಎರಡೂ ಅವರ ಮೇಲೇ ಇವೆ. ಆದರೆ ಮಕ್ಕಳಿಗೆ ಮಾತು ಬರುವುದು ಮಾತಾಡಿಸಿದರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ: ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡ, ನಾಲ್ಕು ವರ್ಷದವರೆಗೂ ದಿನಕ್ಕೆ ಒಂದು ಗಂಟೆ ಮೀರುವುದು ಬೇಡ, ಜೊತೆಗೆ ಕೂತು ಕಥೆ ಹೇಳಿ, ಓದಿ.

ಟಿ.ವಿ.ಯಲ್ಲಿ ಹುಲಿ ಬಂದರೆ ಎಲ್ಲರಿಗೂ ಒಂದೇ ಹುಲಿ. ಪುಸ್ತಕದಲ್ಲಿ ಇರುವುದು ಎರಡಕ್ಷರ. ಪಟ್ಟೆ, ಬಾಲ, ಗರ್ಜನೆ ಎಲ್ಲವನ್ನೂ ಓದುವ ಮಗುವೇ ತರಬೇಕು. ತಿಳಿಯದಿದ್ದರೆ ಹಿಂದಿನ ಪುಟಕ್ಕೆ ಹೋಗಬಹುದು, ಅಲ್ಲೇ ನಿಲ್ಲಬಹುದು. ನಾನೂ ಮಾಸ್ತರಿಕೆ ಮಾಡಿದವನು. ಲೆಕ್ಕ ಬರುವುದಿಲ್ಲ ಎನ್ನುವ ಎಷ್ಟೋ ಮಕ್ಕಳಿಗೆ ತೊಡಕಾಗಿದ್ದು ಲೆಕ್ಕವಲ್ಲ, ಲೆಕ್ಕದ ವಾಕ್ಯ.

ನಮ್ಮ ಶಾಲೆಯಲ್ಲೂ ಪುಸ್ತಕದ ಕಪಾಟಿದೆ, ಕೀಲಿ ಹಾಕಿದೆ. ಪುಸ್ತಕ ಕಳೆದರೆ ಶಿಕ್ಷಕರು ಲೆಕ್ಕ ಕೊಡಬೇಕು. ಅವರ ಅಂಜಿಕೆ ಸಹಜ. ಅದಕ್ಕೇ ಸಂಘಕ್ಕೆ ನನ್ನ ಕೋರಿಕೆ: ಕಳೆದ, ಹರಿದ ಪುಸ್ತಕಗಳ ದುಡ್ಡನ್ನು ಪ್ರತಿ ವರ್ಷ ನಾವು ತುಂಬಿಕೊಡೋಣ. ಕೀಲಿಕೈ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳ ಹತ್ತಿರ ಇರಲಿ. ಮೊದಲ ವರ್ಷದ ಹಣವನ್ನು ಇವತ್ತೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಎರಡನೆಯ ವರ್ಷ ಯಾರದು, ಕೈ ಎತ್ತಿ.