ಮೇಣಕ್ಕೆ ತೊಡಿಸಿದ ಅಂಗಿ

‘ಇನ್‌ವೆಸ್ಟ್‌ಮೆಂಟ್ ಕಾಸ್ಟಿಂಗ್’ ಎಂದೊಡನೆ ಷೇರುಪೇಟೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಆ ಪದಕ್ಕಿರುವುದು ತೊಡಿಸುವುದು, ಹೊದಿಸುವುದು ಎಂಬ ಹಳೆಯ ಅರ್ಥ. ಮೇಣದ ಮಾದರಿಗೆ ಮಣ್ಣಿನ ಅಂಗಿ ತೊಡಿಸಿ, ಮೇಣವನ್ನು ಕರಗಿಸಿ ಹೊರಹರಿಸಿ, ಉಳಿದ ಟೊಳ್ಳಿಗೆ ಲೋಹ ಎರೆಯುವ ವಿದ್ಯೆ ಇದು.

ಕನ್ನಡ ನಾಡಿಗೆ ಇದು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎಂಬ 12ನೇ ಶತಮಾನದ ಸಂಸ್ಕೃತ ಗ್ರಂಥದಲ್ಲಿ ವಿಗ್ರಹ ಎರೆಯುವ ಕ್ರಮವಿದೆ. ಮೇಣದ ವಿಗ್ರಹದ ಬೆನ್ನಿಗೋ ಹೆಗಲಿಗೋ ಉಮ್ಮತ್ತದ ಹೂವಿನಾಕಾರದ ನಾಳ ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ನುಣ್ಣಗೆ ಅರೆದ ಮಣ್ಣನ್ನು ಮೂರು ಬಾರಿ ಬಳಿಯಬೇಕು. ಮೊದಲ ಲೇಪ ತೆಳು, ಅದು ನೆರಳಲ್ಲೇ ಒಣಗಬೇಕು, ಕೊನೆಯದು ದಪ್ಪ. ಮೇಣವನ್ನು ಮೊದಲೇ ತೂಗಿಡಬೇಕು. ಬೆಳ್ಳಿಯಾದರೆ ಅದರ 12 ಪಟ್ಟು ತೂಕದ ಲೋಹ ಬೇಕು. ಮೇಣ ನೀರಿಗಿಂತ ತುಸು ಹಗುರ, ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ಭಾರ. ಲೆಕ್ಕ ಹಾಕಿದರೆ 11 ಪಟ್ಟು ಸಾಕು. ಉಳಿದದ್ದು ಎರೆಯುವವನ ಮುಂಜಾಗ್ರತೆ ಇದ್ದೀತು!

ಶಿಲ್ಪಿ ಕೈಯಾರೆ ತಿದ್ದಿದ ಮೇಣ ಒಂದೇ ವಿಗ್ರಹಕ್ಕೆ ಮುಗಿಯಿತು. ಕಾರ್ಖಾನೆಯಲ್ಲಿ ಲೋಹದ ಅಚ್ಚಿಗೆ ಮೇಣ ಒತ್ತಿ ತುಂಬಿ, ಒಂದೇ ತೆರನ ಮಾದರಿಗಳನ್ನು ಬೇಕಾದಷ್ಟು ತೆಗೆಯುತ್ತಾರೆ. ಅವನ್ನು ಮೇಣದ ಕಾಂಡಕ್ಕೆ ಅಂಟಿಸಿದರೆ ಕಾಯಿ ಬಿಟ್ಟ ಗಿಡದಂತೆ ಕಾಣುತ್ತದೆ. ಅದನ್ನು ಸಿರಾಮಿಕ್ ಬಗ್ಗಡದಲ್ಲಿ ಅದ್ದಿ, ಮರಳು ಉದುರಿಸಿ, ಒಣಗಿಸಿ, ಮತ್ತೆ ಅದ್ದುತ್ತಾರೆ. ಸಾಮಾನ್ಯವಾಗಿ ಆರೆಂಟು ಸಲ. ಇಲ್ಲಿಯೂ ಮೊದಲ ಲೇಪಕ್ಕೆ ಅತಿ ನುಣುಪಾದ ಪುಡಿಯೇ ಬೇಕು. ಲೋಹದ ಮೈ ಹೇಗೆ ಬರುತ್ತದೆಂಬುದು ಅದರ ಮೇಲೆ ನಿಂತಿದೆ. ಹೊರಗಿನ ಲೇಪಗಳು ಬಲಕ್ಕೆ.

ಕೆಲಸ ಕೆಡುವ ಭಯವಿರುವುದು ಮೇಣ ತೆಗೆಯುವಾಗ. ಕಾವಿಗೆ ಮೇಣ ಚಿಪ್ಪಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ನಿಧಾನವಾಗಿ ಕಾಸಿದರೆ ಒಳಗಿನಿಂದ ಒತ್ತಿ ಚಿಪ್ಪನ್ನೇ ಸೀಳುತ್ತದೆ. ಆದ್ದರಿಂದ ಒತ್ತಡದ ಹಬೆಯನ್ನು ಒಮ್ಮೆಲೇ ಹಾಯಿಸುತ್ತಾರೆ. ಅಂಚಿನ ಮೇಣ ಮೊದಲು ಕರಗಿ ಜಾರುತ್ತದೆ, ನಡುವಿನದಕ್ಕೆ ಹಿಗ್ಗಲು ಜಾಗ ಸಿಗುತ್ತದೆ. ಬಳಿಕ ಚಿಪ್ಪನ್ನು ಸುಟ್ಟು ಗಟ್ಟಿಮಾಡಿ, ಬಿಸಿಯಿರುವಾಗಲೇ ಲೋಹ ಎರೆದು, ಆರಿದ ಮೇಲೆ ಒಡೆಯುತ್ತಾರೆ.

ಇಷ್ಟೆಲ್ಲ ಶ್ರಮವೇಕೆ? ವಿಮಾನದ ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡನ್ನೇ ನೋಡಿ. ಅದರ ನಿಕಲ್ ಮಿಶ್ರಲೋಹವನ್ನು ಕಡೆಯುವುದು ಬಲು ಕಷ್ಟ. ಅದಕ್ಕೆ ಬಡಿಯುವ ಅನಿಲವೋ, ಆ ಲೋಹ ಕರಗುವಷ್ಟಕ್ಕಿಂತಲೂ ಬಿಸಿಯಿರಬಹುದು. ಬ್ಲೇಡು ಉಳಿಯಬೇಕಾದರೆ ಒಳಗೆ ತಂಪುಗಾಳಿ ಸುಳಿಯಬೇಕು. ಆ ಅಂಕುಡೊಂಕಿನ ಹಾದಿ ಕೊರೆದದ್ದಲ್ಲ. ಮೇಣದೊಳಗೆ ಮೊದಲೇ ಹುದುಗಿಸಿದ ಸಿರಾಮಿಕ್ ತಿರುಳಿನದು. ಮೇಣ ಹೋದರೂ ತಿರುಳು ನಿಲ್ಲುತ್ತದೆ, ಲೋಹ ಅದರ ಸುತ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಕ್ಷಾರದಲ್ಲಿ ಕರಗಿಸಿ ತಿರುಳನ್ನು ತೆಗೆಯುತ್ತಾರೆ. ಎರೆಯುವಾಗ ಅದು ಸ್ವಲ್ಪ ಪಕ್ಕಕ್ಕೆ ಸರಿದರೂ ಒಂದು ಬದಿಯ ಗೋಡೆ ತೆಳುವಾಗಿ, ಬ್ಲೇಡು ಕೆಲಸಕ್ಕೆ ಬಾರದು.