ಅಟ್ಟವಿಲ್ಲದ ಮನೆಯ ಬೆಕ್ಕು

ಹೊತ್ತಿನ ಊಟಕ್ಕೂ ತತ್ವಾರವಾದ ಮನೆಯನ್ನು ಕುರಿತು ನಮ್ಮ ಹಿರಿಯರು 'ಅವರ ಒಲೆಯಲ್ಲಿ ಬೆಕ್ಕು ಮಲಗಿದೆ' ಎನ್ನುತ್ತಿದ್ದರು. ಒಲೆ ಉರಿಯದಿದ್ದರೆ ಬೂದಿ ಆರುತ್ತದೆ. ಆರಿದ ಬೂದಿಯ ಮೇಲೆ ಬೆಕ್ಕು ಮೈಚಾಚುತ್ತದೆ. ಮನೆಯವರ ಕಷ್ಟವೇ ಬೆಕ್ಕಿನ ಸುಖವೆಂಬ ಕಹಿಯಾದ ಹಾಸ್ಯ ಆ ಮಾತಿನಲ್ಲಿದೆ. ಈಚೆಗೆ ಈ ಮಾತನ್ನು ನನ್ನ ಮಗಳ ಎದುರಿಗೆ ಆಡಿದೆ. ಅವಳಿಗೆ ಅರ್ಥವಾಗಲಿಲ್ಲ. ಗ್ಯಾಸಿನ ಒಲೆಯಲ್ಲಿ ಬೆಕ್ಕು ಮಲಗುವುದಾದರೂ ಎಲ್ಲಿ? ನಮ್ಮ ಮನೆಯ ಬೆಕ್ಕು ಮಲಗುವುದು ಇನ್ವರ್ಟರಿನ ಮೇಲೆ. ಬ್ಯಾಟರಿ ಚಾರ್ಜಾಗುವಾಗ ಆ ಪೆಟ್ಟಿಗೆ ಹದವಾಗಿ ಬೆಚ್ಚಗಾಗುತ್ತದೆ. ಬೆಂಗಳೂರಿನಲ್ಲಿ ವಿದ್ಯುತ್ತು ಎಷ್ಟು ಸಲ ಹೋಗಿ ಬರುತ್ತದೆಯೋ ಅಷ್ಟು ಸಲ ಅದರ ಹಾಸಿಗೆ ಬೆಚ್ಚಗಾಗುವುದರಿಂದ, ನಗರದ ಕಷ್ಟವೂ ಒಂದು ರೀತಿಯಲ್ಲಿ ಬೆಕ್ಕಿನ ಸುಖವೇ ಆಗಿದೆಯೆನ್ನಬೇಕು.

ಬೆಕ್ಕಿನ ಮೇಲೊಂದು ಭಾಷಣವೇ ಎಂದು ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಿಗೆ ನನ್ನ ಸಮಾಧಾನ ಇಷ್ಟೆ: ಮೂರನೆಯ ಮಹಡಿಯ 650 ಚದರಡಿಯ ಮನೆಯಲ್ಲಿ ನಾಲ್ಕು ಜನರೊಡನೆ ಒಂದು ಬೆಕ್ಕು ವಾಸಮಾಡತೊಡಗಿದರೆ, ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಕೇಳದಿದ್ದ ಕೆಲವು ಪ್ರಶ್ನೆಗಳು ಅಡಿಗೆಮನೆಯ ನಡುವೆಯೇ ಬಂದು ಕುಳಿತುಬಿಡುತ್ತವೆ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಬೆಕ್ಕು ಯಾವಾಗಲೂ ಇತ್ತು; ಆದರೆ 'ಸಾಕಿದ ಬೆಕ್ಕು' ಎಂಬ ಮಾತನ್ನು ನಾನು ಕೇಳಿದ ನೆನಪಿಲ್ಲ. ಅದಕ್ಕೆ ಹೆಸರಿರಲಿಲ್ಲ. ಕೊತ್ತಿ ಎಂದರೆ ಕೊತ್ತಿ. ಅಟ್ಟದ ಮೇಲೆ ಭತ್ತ, ಅಡಿಕೆ, ಒಣಗಿದ ಹಲಸಿನ ಹಪ್ಪಳ. ಅವನ್ನು ತಿನ್ನಲು ಇಲಿ. ಇಲಿಯನ್ನು ತಿನ್ನಲು ಬೆಕ್ಕು. ಹಾಲು ಕರೆದ ಹೊತ್ತಿಗೆ ಕರಟದಲ್ಲಿ ಒಂದು ಗುಟುಕು ಹಾಲು ಹೊಯ್ದರೆ ಅದರ ಸಂಬಳ ಸಂದಿತು. ಉಳಿದ ಹಾಲು, ಮೊಸರು, ಬೆಣ್ಣೆ ನೆಲುವಿನಲ್ಲಿ ತೂಗಾಡುತ್ತಿದ್ದವು. ಬೆಕ್ಕಿನ ಮೇಲಿನ ನಮ್ಮ ನಂಬಿಕೆ ಎಷ್ಟರದೆಂಬುದಕ್ಕೆ ಆ ನೆಲುವೇ ಸಾಕ್ಷಿ. ಮಳೆಗಾಲದಲ್ಲಿ ಅದು ಬಚ್ಚಲೊಲೆಯ ಬಳಿ ಮಲಗುತ್ತಿತ್ತು. ಬೇಸಿಗೆಯಲ್ಲಿ ಎಲ್ಲಿ ಮಲಗುತ್ತಿತ್ತೋ ಯಾರಿಗೂ ತಿಳಿಯದು. ಒಂದು ದಿನ ಬಾರದೆ ಹೋದರೆ, 'ಚಿರತೆ ಹಿಡಿಯಿತೇನೋ' ಎಂದು ಯಾರಾದರೂ ಅನ್ನುತ್ತಿದ್ದರು. ಅಷ್ಟರಲ್ಲಿ ಅಟ್ಟದ ಮೇಲೆ ಇನ್ನೊಂದು ಮರಿ ಕಣ್ಣುಬಿಟ್ಟಿರುತ್ತಿತ್ತು.

ನಮ್ಮದು ಈರುಳ್ಳಿಯೂ ಹಬ್ಬದ ದಿನ ಹೊಸ್ತಿಲು ದಾಟದ ಮನೆ. ಬೆಕ್ಕು ಮಾತ್ರ ಶುದ್ಧ ಮಾಂಸಾಹಾರಿ. ಈ ಎರಡು ಸಂಗತಿಗಳು ಒಂದೇ ಸೂರಿನ ಕೆಳಗೆ ತಲೆಮಾರುಗಳ ಕಾಲ ಒಂದನ್ನೊಂದು ಮುಖಾಮುಖಿ ನೋಡದೆ ಬದುಕಿದ್ದವು. ಬೆಕ್ಕು ತನ್ನ ಊಟವನ್ನು ಅಟ್ಟದ ಕತ್ತಲಲ್ಲಿ ಮುಗಿಸುತ್ತಿತ್ತು. ಯಾವಾಗಲಾದರೊಮ್ಮೆ ಬಾಗಿಲ ಬಳಿ ಇಲಿಯ ಬಾಲ ಬಿದ್ದಿದ್ದರೆ ಅಜ್ಜಿ ಮುಖ ಸಿಂಡರಿಸಿ, ಅದನ್ನು ಕಡ್ಡಿಯಿಂದ ತಳ್ಳಿ, ಸಗಣಿ ನೀರು ಹಾಕಿ ಸಾರಿಸಿ ಒಳಗೆ ಹೋಗುತ್ತಿದ್ದಳು. ಅಷ್ಟರಲ್ಲಿ ವಿಷಯ ಮುಗಿಯಿತು.

ಈ ಒಪ್ಪಂದ ನಮ್ಮ ಮನೆಯದಷ್ಟೇ ಅಲ್ಲ, ಬಹು ಹಳೆಯದು. ಸೈಪ್ರಸ್ ದ್ವೀಪದಲ್ಲಿ ಒಬ್ಬ ಮನುಷ್ಯನ ಸಮಾಧಿಯ ಪಕ್ಕದಲ್ಲೇ, ಸುಮಾರು 9,500 ವರ್ಷಗಳ ಹಿಂದೆ, ಒಂದು ಬೆಕ್ಕನ್ನೂ ಹೂಳಿದ್ದುದು ಪತ್ತೆಯಾದ ಸುದ್ದಿ 2004ರಲ್ಲಿ ಪ್ರಕಟವಾಯಿತು. ಮನುಷ್ಯ ಕಾಳು ಬೆಳೆದು ಕೂಡಿಟ್ಟ, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು ಎಂದು ಪಂಡಿತರು ವಿವರಿಸುತ್ತಾರೆ. ನಾಯಿಯನ್ನು ಮನುಷ್ಯ ಕರೆತಂದನೋ ಏನೋ. ಬೆಕ್ಕು ಮಾತ್ರ ಕೆಲಸ ಹುಡುಕಿಕೊಂಡು ತಾನಾಗಿಯೇ ಬಂದದ್ದು.

ನಮ್ಮ ಫ್ಲಾಟಿನಲ್ಲಿ ಆ ಕೆಲಸವೇ ಇಲ್ಲ. ಅಕ್ಕಿ ಐದು ಕಿಲೋ ಲೆಕ್ಕದಲ್ಲಿ ಬಂದು ಸ್ಟೀಲಿನ ಡಬ್ಬಿ ಸೇರುತ್ತದೆ. ಅಟ್ಟವಿಲ್ಲ. ಸ್ನಾನದ ಮನೆಯ ಮೇಲೆ ಗಾರೆಯವರು ಬಿಟ್ಟ ಒಂದು ಗೂಡಿಗೆ ನಾವು ಅಟ್ಟವೆಂದು ಕರೆಯುತ್ತೇವೆ. ಅಲ್ಲಿ ಹಳೆಯ ಸೂಟ್‌ಕೇಸೊಂದು, ಗೌರಿಹಬ್ಬದ ಮೊರಗಳೊಂದು ಜೊತೆ ಇವೆ. ಇಲಿ ಮೂರನೆಯ ಮಹಡಿಯವರೆಗೆ ಬರುವ ಶ್ರಮ ತೆಗೆದುಕೊಳ್ಳುವುದಿಲ್ಲ. ಇಂಥ ಮನೆಗೆ ಎರಡು ವರ್ಷದ ಹಿಂದೆ, ಆಷಾಢದ ಒಂದು ಸಂಜೆ, ಕೆಳಗೆ ಸ್ಕೂಟರಿನ ಹೊದಿಕೆಯೊಳಗೆ ನಡುಗುತ್ತಿದ್ದ ಅಂಗೈಯಗಲದ ಮರಿಯೊಂದನ್ನು ನನ್ನ ಮಗಳು ತನ್ನ ದುಪಟ್ಟಾದಲ್ಲಿ ಸುತ್ತಿ ತಂದಳು. ಬೂದುಬಣ್ಣ, ಮೈಮೇಲೆ ಕಪ್ಪು ಪಟ್ಟೆ. ಗುಬ್ಬಿಯಷ್ಟೇ ಇದೆಯೆಂದು ಅದಕ್ಕೆ ಗುಬ್ಬಿ ಎಂದೇ ಹೆಸರಿಟ್ಟಳು. ಗುಬ್ಬಿಗಳು ಅಪರೂಪವಾಗುತ್ತಿರುವ ಊರಿನಲ್ಲಿ ಬೆಕ್ಕಿಗೆ ಆ ಹೆಸರಿಡುವುದು ಸರಿಯೇ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ನನ್ನ ತಾಯಿ ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದವರು. ಅವರು ಆ ಮರಿಯನ್ನು ಒಮ್ಮೆ ನೋಡಿ, 'ಇಲಿ ಇಲ್ಲದ ಮನೆಯಲ್ಲಿ ಕೊತ್ತಿ ಏನು ಮಾಡುತ್ತದೆ?' ಎಂದರು. ನಾನು ಇದುವರೆಗೆ ಇಷ್ಟು ದೀರ್ಘವಾಗಿ ಹೇಳಿದ್ದನ್ನೆಲ್ಲ ಅವರು ಅಂದೇ ಒಂದು ವಾಕ್ಯದಲ್ಲಿ ಮುಗಿಸಿದ್ದರು.

ಹಾಲು ಕೊಟ್ಟೆವು. ಹೊಟ್ಟೆ ಕೆಟ್ಟಿತು. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯರಲ್ಲಿಗೆ ಒಯ್ದೆವು. ಶ್ರೀವೈಷ್ಣವರಲ್ಲಿ ಶರಣಾಗತಿಯನ್ನು ವಿವರಿಸಲು ತೆಂಗಲೆಯವರು ಮಾರ್ಜಾಲಕಿಶೋರ ನ್ಯಾಯವನ್ನು ಹೇಳುತ್ತಾರೆ: ತಾಯಿಬೆಕ್ಕು ಕಚ್ಚಿ ಎತ್ತಿದಾಗ ಮರಿ ಮೈಯನ್ನೆಲ್ಲ ಸಡಿಲ ಬಿಟ್ಟು ತಾನೇನೂ ಮಾಡದೆ ಇರುತ್ತದೆ. ಭಕ್ತನೂ ಹಾಗಿರಬೇಕು. ವಡಗಲೆಯವರದು ಮರ್ಕಟಕಿಶೋರ ನ್ಯಾಯ. ಕೋತಿಯ ಮರಿ ತಾನೇ ತಾಯಿಯನ್ನು ಗಟ್ಟಿಯಾಗಿ ಅಪ್ಪಿ ಹಿಡಿದಿರಬೇಕು. ನಮ್ಮ ಗುಬ್ಬಿ ಆಟೋದಲ್ಲಿ ಕುಳಿತದ್ದೇ ಬುಟ್ಟಿಯ ಮುಚ್ಚಳ ಎತ್ತಿ ನನ್ನ ಎದೆಯನ್ನು ಹದಿನೆಂಟು ಉಗುರುಗಳಿಂದ ಅಪ್ಪಿಕೊಂಡಿತು. ಅದರ ಸಂಪ್ರದಾಯ ಯಾವುದೆಂದು ಅಂದೇ ನಿಶ್ಚಯವಾಯಿತು.

ವೈದ್ಯರು ಹೇಳಿದ್ದು ಎರಡು ಮಾತು. ಬೆಳೆಯುತ್ತಾ ಹೋದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹುಪಾಲು ಬೆಕ್ಕುಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ಹಾಲು ಬೇಡ. ಕೃಷ್ಣದೇವರಾಯ ಹಸುವನ್ನೂ ಬೆಕ್ಕನ್ನೂ ಕೊಟ್ಟಾಗ ತೆನಾಲಿ ರಾಮಕೃಷ್ಣ ಕುದಿಯುವ ಹಾಲನ್ನಿಟ್ಟು, ಹಾಲು ಕಂಡರೆ ಓಡುವ ಬೆಕ್ಕನ್ನು ತಯಾರು ಮಾಡಿದ ಕಥೆಯನ್ನು ನಾವೆಲ್ಲ ಕೇಳಿ ನಕ್ಕಿದ್ದೇವೆ. ಆಸ್ಥಾನದ ಬೆಕ್ಕುಗಳಲ್ಲಿ ಹೊಟ್ಟೆ ಸರಿಯಾಗಿದ್ದದ್ದು ಅದೊಂದಕ್ಕೇ ಇರಬೇಕೆಂದು ಈಗ ತೋರುತ್ತದೆ.

ಎರಡನೆಯ ಮಾತು ಅಷ್ಟು ಸುಲಭವಾಗಿರಲಿಲ್ಲ. ಬೆಕ್ಕಿಗೆ ಮಾಂಸ ಬೇಕೇಬೇಕು. ಟಾರಿನ್ ಎಂಬ ಒಂದು ಸತ್ತ್ವವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸದಿಂದ, ಮೀನಿನಿಂದ ದೊರೆಯಬೇಕು. ಅದಿಲ್ಲದಿದ್ದರೆ ಕಣ್ಣಿನ ಪಟಲ ಕೆಡುತ್ತದೆಂದು 1975ರಲ್ಲಿ, ಹೃದಯ ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಾಯಿಯಾದರೆ ಅನ್ನ-ಸಾರಿಗೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಬೆಕ್ಕಿಗೆ ಆ ಉಪಾಯವಿಲ್ಲ. ಅದಕ್ಕೆ ಸಿಹಿಯ ರುಚಿ ಕೂಡ ತಿಳಿಯುವುದಿಲ್ಲ. ಆ ರುಚಿಯನ್ನು ಹಿಡಿಯುವ ಜೀನು ಅದರಲ್ಲಿ ಕೆಲಸ ಮಾಡುವುದಿಲ್ಲವೆಂಬುದು 2005ರಲ್ಲಿ ಗೊತ್ತಾಯಿತು. ಅಮ್ಮ ಇಟ್ಟ ಪಾಯಸವನ್ನು ಗುಬ್ಬಿ ಮೂಸಿ ಹಿಂದೆ ಸರಿದದ್ದು ಅಹಂಕಾರದಿಂದಲ್ಲ.

ಅಟ್ಟದ ಕತ್ತಲಲ್ಲಿ ನಡೆಯುತ್ತಿದ್ದ ಊಟ ಹೀಗೆ ಮುಂಬಾಗಿಲಿನಿಂದ, ಬೆಳಕಿನಲ್ಲಿ, ನಮ್ಮ ಕೈಯಿಂದಲೇ ಒಳಗೆ ಬರಬೇಕಾಯಿತು. ಹಳ್ಳಿಯ ಮನೆ ತನ್ನ ಬೆಕ್ಕು ಏನು ತಿನ್ನುತ್ತದೆಂದು ತಿಳಿಯದಂತೆ ಇರಬಹುದಾಗಿತ್ತು. ಅದಕ್ಕೆ ಜಾಗವಿತ್ತು. 650 ಚದರಡಿಯಲ್ಲಿ ತಿಳಿಯದಂತಿರಲು ಜಾಗವಿಲ್ಲ. ಮೀನಿನ ಚಿತ್ರವಿದ್ದ ಪೊಟ್ಟಣವನ್ನು ಮೊದಲ ಸಲ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವಾಗ, ಅದನ್ನು ತರಕಾರಿಯ ಚೀಲದಲ್ಲಿ ಬಚ್ಚಿಡಬೇಕೆಂದು ನನಗೆ ಅನ್ನಿಸಲಿಲ್ಲ. ಆದರೆ ಅದನ್ನು ಎಲ್ಲಿಡಬೇಕೆಂಬುದೂ ತೋಚಲಿಲ್ಲ.

ಜಾಗವನ್ನು ತೋರಿಸಿದವರು ಅಮ್ಮ. ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಆಚೆಗೆ, ಮುಚ್ಚಳವಿರುವ ಡಬ್ಬಿಯಲ್ಲಿ. ಚಮಚ ಬೇರೆ, ತಟ್ಟೆ ಬೇರೆ, ತೊಳೆಯುವ ನಲ್ಲಿಯೂ ಬೇರೆ. ಡಬ್ಬಿಯನ್ನು ತಾವು ಮುಟ್ಟುವುದಿಲ್ಲ. ಇಷ್ಟನ್ನು ಹೇಳಿ ಅವರು ಜಪಮಣಿ ತೆಗೆದುಕೊಂಡರು. ಜಗಳವಾಗಲಿಲ್ಲ. ಜಗಳವಾಗಿದ್ದರೆ ನನಗೆ ಹೆಚ್ಚು ಹಗುರವಾಗುತ್ತಿತ್ತೋ ಏನೋ.

ಆ ಬಾಲ್ಕನಿಗೆ ಬಲೆ ಹಾಕಿಸಿದ್ದು ಗುಬ್ಬಿ ಬಂದ ವಾರದಲ್ಲೇ. ಬೆಂಗಳೂರಿನಲ್ಲಿ ಪಾರಿವಾಳಗಳಿಗೆಂದು ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಡಿದುಬಿಡುತ್ತದೆಂದು ಗೊತ್ತಿದ್ದವರು ಹೇಳಿದ್ದರಿಂದ ಕಂಬಿಯ ಜಾಲರಿಯನ್ನೇ ಹಾಕಿಸಿದೆವು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆಂಬ ಮಾತು ಅರ್ಧ ನಿಜ. ನ್ಯೂಯಾರ್ಕಿನ ಮಹಡಿಗಳಿಂದ ಬಿದ್ದು ಆಸ್ಪತ್ರೆ ಸೇರಿದ 132 ಬೆಕ್ಕುಗಳ ವಿವರವನ್ನು ಇಬ್ಬರು ವೈದ್ಯರು 1987ರಲ್ಲಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತು ಬದುಕಿದವು. ಆದರೆ ಅವು ಬದುಕಿದ್ದು ಎದೆಗೆ ಪೆಟ್ಟು, ದವಡೆ ಮುರಿತ, ಕಾಲು ಮುರಿತಗಳೊಡನೆ. ಆಸ್ಪತ್ರೆಯವರೆಗೆ ಬಾರದೆ ಹೋದವು ಆ ಲೆಕ್ಕದಲ್ಲಿ ಇಲ್ಲ.

ಹಾಗಾದರೆ ಬೇಟೆಗೆಂದು ಹುಟ್ಟಿದ ಪ್ರಾಣಿಯನ್ನು ಜಾಲರಿಯ ಹಿಂದೆ ಕೂಡಿಹಾಕುವುದು ನ್ಯಾಯವೇ? ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಕಿಟಕಿಯಾಚೆ ಪಾರಿವಾಳ ಕುಳಿತಾಗ ಗುಬ್ಬಿಯ ದವಡೆ ತನ್ನಷ್ಟಕ್ಕೆ ಕಟಕಟನೆ ಅದುರುವುದನ್ನು ಕಂಡಾಗಲೆಲ್ಲ ನಾನೂ ಕೇಳಿಕೊಳ್ಳುತ್ತೇನೆ. ಕೆಳಗಿನ ರಸ್ತೆಯಲ್ಲಿ ಲಾರಿಗಳಿವೆ, ಬೀದಿನಾಯಿಗಳ ಗುಂಪಿದೆ. ಊರಿನಲ್ಲಿ ನಮ್ಮ ಬೆಕ್ಕುಗಳಿಗಿದ್ದ ಸ್ವಾತಂತ್ರ್ಯವನ್ನು ಹೊಗಳುವವರು, ಅವು ಎಷ್ಟು ವರ್ಷ ಬದುಕುತ್ತಿದ್ದವೆಂದು ಯಾರೂ ಎಣಿಸಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ಒಳಗಿರುವ ಬೆಕ್ಕು ಹದಿನೈದು ವರ್ಷ ಬದುಕಬಲ್ಲದು. ನಾನು ಜಾಲರಿಯ ಪಕ್ಷ. ಆದರೆ ಜಾಲರಿ ಹಾಕಿದವನು ಅದರೊಡನೆ ದಿನಕ್ಕೆ ಅರ್ಧ ಗಂಟೆ ದಾರದ ಉಂಡೆ ಎಳೆದು ಆಡಲೇಬೇಕೆಂಬುದೂ ನನ್ನ ಪಕ್ಷದ ನಿಯಮ. ಐವತ್ತೆಂಟರ ವಯಸ್ಸಿನಲ್ಲಿ ಅದು ಒಳ್ಳೆಯ ವ್ಯಾಯಾಮ.

ಮರಳಿನ ತಟ್ಟೆಯ ವಿಚಾರವನ್ನು ಬಿತ್ತರಿಸುವುದು ಸಭ್ಯವಲ್ಲ. ದಿನಕ್ಕೆರಡು ಸಲ ಶುಚಿ ಮಾಡಿದರೆ ವಾಸನೆ ಬರುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸ ಕೆಡುತ್ತದೆಂದು ಪಕ್ಕದ ಮನೆಯ ಹಿರಿಯರು ಎಚ್ಚರಿಸಿದ್ದರು. ಗುಬ್ಬಿ ನನಗೆ ದಿನಕ್ಕೆ ನಲವತ್ತು ಸಲ ಅಡ್ಡ ಬರುತ್ತದೆ. ಆ ಲೆಕ್ಕದಲ್ಲಿ ನಾನು ಎರಡು ವರ್ಷದಿಂದ ಸ್ನಾನಕ್ಕೂ ಹೋಗುವಂತಿರಲಿಲ್ಲ.

ದಿನದಲ್ಲಿ ಹದಿನಾಲ್ಕು ಹದಿನೈದು ಗಂಟೆ ನಿದ್ರಿಸುವ ಈ ಪ್ರಾಣಿ ನಸುಕಿನಲ್ಲಿ ಮಾತ್ರ ಎಚ್ಚರವಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಏಳುವವರು ಇನ್ನೊಬ್ಬರೇ. ನಾಲ್ಕೂವರೆಗೆ ಅಮ್ಮ ಎದ್ದು ದೀಪ ಹಚ್ಚುವಾಗ ಗುಬ್ಬಿ ಇನ್ವರ್ಟರಿನಿಂದ ಇಳಿದು, ದೇವರ ಗೂಡಿನಿಂದ ಎರಡು ಮೊಳ ದೂರದಲ್ಲಿ ಬಾಲ ಸುತ್ತಿಕೊಂಡು ಕುಳಿತುಕೊಳ್ಳುತ್ತದೆ. ಎರಡು ಮೊಳ ಎಂಬುದು ಅವರಿಬ್ಬರೊಳಗೆ ಆದ ತೀರ್ಮಾನ; ನಮಗೆ ತಿಳಿಸಿಲ್ಲ. ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ ಮಿಯಾಂವ್ ಎನ್ನುವುದು ಕಡಮೆ, ಆ ಮಾತು ಮನುಷ್ಯರಿಗೆಂದೇ ಮೀಸಲು ಎಂದು ಬಲ್ಲವರು ಹೇಳುತ್ತಾರೆ. ಹಾಸಿಗೆಯಲ್ಲಿ ಮಲಗಿದ್ದ ನನಗೆ ಒಂದು ದಿನ ಆ ಮಾತೂ ಅದಕ್ಕೆ ಉತ್ತರವೂ ಕೇಳಿಸಿದವು: 'ಇರು, ಅವರಿನ್ನೂ ಎದ್ದಿಲ್ಲ. ನಾನು ಅದನ್ನು ಮುಟ್ಟೋಹಾಗಿಲ್ಲ, ನಿನಗೆ ಗೊತ್ತಲ್ಲ.'

ಕಳೆದ ವರ್ಷ ತಂದೆಯವರ ತಿಥಿಯನ್ನು ಮೊದಲ ಸಲ ಈ ಮನೆಯಲ್ಲೇ ಮಾಡಬೇಕಾಗಿ ಬಂತು. ಹದಿನೈದು ದಿನ ಮುಂಚಿನಿಂದ ಅಮ್ಮ 'ತಿಥಿ ಮಂಗಳವಾರ ಬಂತು' ಎಂದು ಮೂರು ಸಲ ಹೇಳಿದರು. ಬೇರೇನೂ ಹೇಳಲಿಲ್ಲ. ಶ್ರಾದ್ಧದ ದಿನ ಮನೆಯಲ್ಲಿ ಆ ಡಬ್ಬಿ ಇರುವುದು ಹೇಗೆ? ಇರದಿದ್ದರೆ ಬೆಕ್ಕಿನ ಗತಿಯೇನು? ನನ್ನ ಹೆಂಡತಿ ಎರಡನೆಯ ಮಹಡಿಯಲ್ಲಿರುವ ಮಂಗಳೂರಿನ ದಂಪತಿಗಳನ್ನು ಕಂಡು ಬಂದಳು. 'ಅದಕ್ಕೆ ಮಂಡೆಬಿಸಿ ಯಾಕೆ ಮಾರಾಯ್ರೇ, ನಮ್ಮಲ್ಲಿ ಹೇಗೂ ಮೀನು ಉಂಟು' ಎಂದು ಆ ಮನೆಯಾಕೆ ಡಬ್ಬಿಯನ್ನು ಹಿಂದಿನ ರಾತ್ರಿಯೇ ಒಯ್ದರು. ಬೆಕ್ಕನ್ನೂ ಕಳಿಸುವುದೆಂದಿತ್ತು, ಅದು ಮೆಟ್ಟಿಲ ಬಳಿಯೇ ಮರ್ಕಟ ನ್ಯಾಯವನ್ನು ಹಿಡಿದದ್ದರಿಂದ ಕೋಣೆಯಲ್ಲಿ ಕೂಡಿದೆವು.

ಪುರೋಹಿತರು ರಸಿಕರು. ಕೋಣೆಯಿಂದ ಕೂಗು ಕೇಳಿ, 'ಬುಟ್ಟಿ ಇಲ್ಲವೇ ಮನೆಯಲ್ಲಿ?' ಎಂದು ನಕ್ಕರು. ಶ್ರಾದ್ಧದ ದಿನ ಕಾಟ ಕೊಟ್ಟ ಬೆಕ್ಕನ್ನು ಒಬ್ಬಾತ ಬುಟ್ಟಿಯಡಿ ಮುಚ್ಚಿಟ್ಟದ್ದನ್ನು ಕಂಡ ಅವನ ಮಗ, ಮುಂದೆ ಶ್ರಾದ್ಧಕ್ಕೆಂದು ಊರೆಲ್ಲ ಅಲೆದು ಬೆಕ್ಕು ಹುಡುಕಿ ತಂದ ಕಥೆ ನಿಮಗೆಲ್ಲ ಗೊತ್ತಿದೆ. ನಾನೂ ನಕ್ಕೆ. ತರ್ಪಣ ನಡೆಯುತ್ತಿದ್ದಂತೆ ಕೂಗು ನಿಂತಿತು. ತಿರುಗಿ ನೋಡಿದರೆ ಅಮ್ಮ ಕುಳಿತಿದ್ದ ಜಾಗ ಬರಿದಾಗಿತ್ತು. ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು.

ಬ್ರಾಹ್ಮಣರ ಊಟವಾಗಿ, ಅವರನ್ನು ಕಳಿಸಿಕೊಟ್ಟಾಗ ಮೂರು ಗಂಟೆ ದಾಟಿತ್ತು. ಮನೆಯವರಿಗೆ ಎಲೆ ಹಾಕಿದರು. ಬೆಳಗಿನಿಂದ ನೀರನ್ನೂ ಮುಟ್ಟದಿದ್ದ ಅಮ್ಮ ಎಲೆಯ ಮುಂದೆ ಕೂರದೆ ನನ್ನನ್ನು ನೋಡಿ, 'ಮೊದಲು ಕೆಳಗೆ ಹೋಗಿ ಅದರ ಡಬ್ಬಿ ತಾರೋ' ಎಂದರು.

ಉಟ್ಟ ಮಡಿಪಂಚೆಯಲ್ಲೇ ಒಂದು ಮಹಡಿ ಇಳಿದು ಡಬ್ಬಿ ತಂದೆ. ಗುಬ್ಬಿ ಬಾಲ್ಕನಿಯಲ್ಲಿ ತಟ್ಟೆಯ ಮುಂದೆ ಆಗಲೇ ಕುಳಿತಿತ್ತು. ನಾನು ಚಮಚ ತುಂಬಿ ಹಾಕಿ ಮುಚ್ಚಳ ಮುಚ್ಚುವುದರಲ್ಲಿದ್ದೆ. ಬಾಗಿಲ ಬಳಿ ಎರಡು ಮೊಳ ದೂರದಲ್ಲಿ ನಿಂತಿದ್ದ ಅಮ್ಮ, 'ಇನ್ನೊಂದು ಹಾಕು, ಬೆಳಗಿನದು ಬಾಕಿ ಇದೆ' ಎಂದರು.