ದೌಲತಾಬಾದಿನ ಕೊಳದ ಹತ್ತಿರ ಕೇಳಿದ ಪ್ರಶ್ನೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಸರ್ವಧರ್ಮ ಸಮ್ಮೇಳನಗಳನ್ನು ನೀವೂ ನೋಡಿದ್ದೀರಿ. ವೇದಿಕೆ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಪಾದ್ರಿ. ಎಲ್ಲ ಧರ್ಮಗಳ ಸಾರ ಒಂದೇ ಅಂತ ಮೂವರೂ ಹೇಳ್ತಾರೆ. ಕೈಕೈ ಹಿಡಿದು ಫೋಟೊ ತೆಗೆಸಿಕೊಳ್ತಾರೆ. ಅದನ್ನು ಗೇಲಿ ಮಾಡೋಕೆ ನಾನು ಬಂದಿಲ್ಲ. ಹೊಡೆದಾಡೋದಕ್ಕಿಂತ ಕೈ ಹಿಡಿಯೋದು ಒಳ್ಳೇದೇ. ಆದರೆ ಆ ಸಭೆಗೆ ಕುರ್ಚಿ ಹೊತ್ತು ತಂದವನು ಯಾರು? ಸಭೆ ಮುಗಿದ ಮೇಲೆ ಕಸ ಗುಡಿಸುವವಳು ಯಾರು? ಅವರನ್ನು ಯಾವ ಧರ್ಮದವರೂ ಮಾತಿಗೆ ಕರೆದಿಲ್ಲ. ಧರ್ಮಗಳ ನಡುವೆ ಮಾತುಕತೆ ಈ ದೇಶದಲ್ಲಿ ಯಾಕೆ ಇಷ್ಟು ಕಷ್ಟ ಅನ್ನೋದನ್ನು ಅವರು ನಿಂತ ಜಾಗದಿಂದ ನೋಡಬೇಕು.

ಹಾಗೆ ನೋಡಿದವರು ಬಾಬಾಸಾಹೇಬರು. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಬರಹದಲ್ಲಿ ತಮಗೆ ಆದದ್ದನ್ನು ಬರೆದಿಟ್ಟಿದ್ದಾರೆ. ಓದದವರು ಹುಡುಕಿ ಓದಿ.

ಸುಮಾರು 1901ರ ಮಾತು. ಹುಡುಗ ಭೀಮರಾವ್ ಅಣ್ಣನ ಜೊತೆ ತಂದೆಯನ್ನು ನೋಡಲು ಹೊರಟಿದ್ದ. ರೈಲಿಳಿದು ಎತ್ತಿನಗಾಡಿ ಪ್ರಯಾಣ. ರಾತ್ರಿ ಸುಂಕದ ಕಟ್ಟೆ ಹತ್ತಿರ ನೀರು ಬೇಕಾಯ್ತು. ಮಹಾರ್ ಅಂದರೆ ನೀರು ಸಿಗೋಲ್ಲ. ಹುಡುಗ ತಾನು ಮುಸ್ಲಿಂ ಅಂದ, ಉರ್ದುವಿನಲ್ಲೇ ಮಾತಾಡಿದ. ಆದರೂ ನೀರು ಸಿಗಲಿಲ್ಲ. ಬಾಯಾರಿಕೆ ತೀರಿಸಿಕೊಳ್ಳೋಕೆ ಒಂದು ಮಗು ತನ್ನ ಧರ್ಮ ಬದಲಾಯಿಸಿ ಹೇಳಬೇಕಾಯ್ತಲ್ಲ, ಅದನ್ನು ಯೋಚನೆ ಮಾಡಿ. ಆ ಮಗುವಿಗೆ ಧರ್ಮ ಅಂದರೆ ದೇವರ ಪ್ರಶ್ನೆ ಅಲ್ಲ, ನೀರಿನ ಪ್ರಶ್ನೆ.

1917. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. ಹಿಂದೂ ಗೆಳೆಯನನ್ನು ಕೇಳಿದರು. ನೀವು ಬಂದರೆ ನಮ್ಮ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅನ್ನೋ ಉತ್ತರ ಬಂತು. ಕ್ರೈಸ್ತ ಗೆಳೆಯನನ್ನು ಕೇಳಿದರು. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂದ. ಬ್ರಾಹ್ಮಣ ಮನೆತನದಿಂದ ಮತಾಂತರವಾದವರು ಅವರು. ಗುಡಿ ಬಿಟ್ಟು ಚರ್ಚಿಗೆ ಹೋಗಿದ್ದರು, ಮಡಿ ಮಾತ್ರ ಜೊತೆಗೇ ಹೋಗಿತ್ತು. ಒಂದೇ ದಿನದಲ್ಲಿ ಮೂರು ಧರ್ಮಗಳ ಬಾಗಿಲು ಮುಚ್ಚಿದವು. ಅವರು ಬೊಂಬಾಯಿ ರೈಲು ಹತ್ತಿದರು.

ಇನ್ನು 1934. ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಆಗ ಅದು ನಿಜಾಮರ ಸೀಮೆ, ತಿಂಗಳು ರಂಜಾನ್. ಬಾಗಿಲ ಹತ್ತಿರದ ಕೊಳದಲ್ಲಿ ಮೈಮೇಲಿನ ದೂಳು ತೊಳೆದುಕೊಂಡರು. ಬಿಳಿ ಗಡ್ಡದ ಮುಸ್ಲಿಂ ಮುದುಕರೊಬ್ಬರು, ಕೊಳ ಮೈಲಿಗೆ ಆಯ್ತು ಅಂತ ಕೂಗುತ್ತಾ ಓಡಿಬಂದರು. ಜನ ಸೇರಿದರು, ಬೈಗುಳ ಶುರುವಾಯ್ತು. ಆಗ ಬಾಬಾಸಾಹೇಬರು ಎರಡೇ ಪ್ರಶ್ನೆ ಹಾಕಿದರು. ನಿಮ್ಮ ಧರ್ಮ ಕಲಿಸೋದು ಇದನ್ನೇನಾ? ಈ ಅಸ್ಪೃಶ್ಯ ನಾಳೆ ಮುಸ್ಲಿಂ ಆದರೆ ಆಗಲೂ ತಡೀತೀರಾ? ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ಒಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದಂತೆ ಕಾಯಲು ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು.

ಗೆಳೆಯರೆ, ಈ ಕತೆ ಹಿಡಕೊಂಡು ಮುಸ್ಲಿಮರನ್ನು ಬೈಯೋಕೆ ನಮ್ಮ ಕೇರಿಗೆ ಬರೋರಿದ್ದಾರೆ. ಅವರಿಗೆ ಮಹಾಡ್ ನೆನಪು ಮಾಡಿಕೊಡಿ. 1927ರ ಮಾರ್ಚ್ 20ರಂದು ನಮ್ಮವರು ಚವದಾರ್ ಕೆರೆಯ ನೀರು ಮುಟ್ಟಿದರು. ಬೇರೆ ಧರ್ಮದವರು ಮುಟ್ಟಬಹುದಾಗಿದ್ದ ನೀರು, ಹಿಂದೂಗಳು ಅಂತ ಲೆಕ್ಕಕ್ಕೆ ಸೇರಿಸಿಕೊಂಡಿದ್ದ ನಮಗೆ ಇರಲಿಲ್ಲ. ಮೇಲ್ಜಾತಿಯವರು ಹೊಡೆದರು. ಆಗ ಹಲವರಿಗೆ ಆಸರೆ ಕೊಟ್ಟದ್ದು ಮುಸ್ಲಿಮರ ಮನೆಗಳು. ಅದೇ ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನಕ್ಕೆ ಹಿಂದೂಗಳು ಯಾರೂ ಜಾಗ ಕೊಡದಿದ್ದಾಗ ಜಾಗ ಕೊಟ್ಟವರೂ ಒಬ್ಬ ಮುಸ್ಲಿಮರೇ. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು ಆ ಸಮ್ಮೇಳನದಲ್ಲೇ.

ಹಾಗಾದರೆ ಯಾವುದು ನಿಜ, ದೌಲತಾಬಾದೋ ಮಹಾಡೋ? ಎರಡೂ ನಿಜ. ಧರ್ಮಗ್ರಂಥ ಏನು ಹೇಳುತ್ತೆ ಅನ್ನೋದರ ಜೊತೆಗೆ ಆ ಧರ್ಮದ ಜನ ಕೊಳದ ಹತ್ತಿರ ಏನು ಮಾಡ್ತಾರೆ ಅಂತಲೂ ನೋಡಬೇಕು. ಜಾತಿ ಅನ್ನೋದು ಎಲ್ಲ ಧರ್ಮಗಳ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿದೆ. ದಲಿತ ಕ್ರೈಸ್ತರನ್ನು ಬೇರೆ ಜಾಗದಲ್ಲಿ ಹೂಳುವ ಊರುಗಳು ತಮಿಳುನಾಡಿನಲ್ಲಿವೆ. ಸರ್ಕಾರವೂ ಇದನ್ನು ನೋಡಿ ನೋಡದ ಹಾಗಿದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಅನ್ನೋದನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೇ ಇದ್ದಾರೆ. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲ ಅನ್ನುತ್ತೆ ಕಾನೂನು. ಇದೆ ಅನ್ನುತ್ತೆ ಸ್ಮಶಾನ.

ನಮ್ಮ ನಾಡಿನಲ್ಲಿ ಗೋವಿಂದಭಟ್ಟರು, ಶಿಶುನಾಳ ಶರೀಫರ ಹೆಸರು ಹೇಳದೆ ಸೌಹಾರ್ದದ ಭಾಷಣವೇ ಇಲ್ಲ. ಆ ಗುರು ಶಿಷ್ಯರು ದೊಡ್ಡವರು. ಆದರೆ ಒಬ್ಬ ಗುರು ಒಬ್ಬ ಶಿಷ್ಯ ಒಂದಾದರೆ ಒಂದು ಬೀದಿ ಒಂದಾದ ಹಾಗಲ್ಲ.

ಮಾತುಕತೆ ಅಂದರೇನು ಅನ್ನೋದನ್ನೂ ಬಾಬಾಸಾಹೇಬರಿಂದಲೇ ಕಲೀಬೇಕು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. 1936ರಲ್ಲಿ ಅಮೃತಸರಕ್ಕೆ ಹೋಗಿ ಸಿಖ್ಖರ ಸಮ್ಮೇಳನದಲ್ಲಿ ಮಾತಾಡಿದರು. ಬೇರೆ ಬೇರೆ ಧರ್ಮದ ಮುಖಂಡರು ಕರೆದರು. ಯಾರನ್ನೂ ಬೈಯಲಿಲ್ಲ, ಯಾರಿಗೂ ಮರುಳಾಗಲಿಲ್ಲ. ಓದಿದರು, ಕೇಳಿದರು, ತೂಗಿ ನೋಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಇಪ್ಪತ್ತೊಂದು ವರ್ಷದ ಸಂವಾದ ಅದು!

ಈಗ ನಿಮ್ಮ ಮಾತಿಗೆ ಬರ್ತೀನಿ. ನಾಳೆ ಊರಲ್ಲಿ ಗಲಾಟೆ ಆದರೆ ಕಲ್ಲು ಕೊಡೋಕೆ ಮೊದಲು ಹುಡುಕೋದು ನಿಮ್ಮನ್ನೇ. ಕಲ್ಲು ಕೊಟ್ಟವನು ಮನೇಲಿರ್ತಾನೆ, ಕೇಸು ನಿಮ್ಮ ಮೇಲೆ, ಓದು ಹಾಳು. ಆಚೆ ಬೀದಿಯಲ್ಲಿ ಕಲ್ಲು ಹಿಡಿದವನೂ ನಿಮ್ಮಂಥ ಬಡವರ ಮಗನೇ. ಅವನ ಜೊತೆ ಮಾತಾಡಿ. ಮೈನಾರಿಟಿ ಹಾಸ್ಟೆಲಿನ ಹುಡುಗರನ್ನು ನಿಮ್ಮ ಊಟಕ್ಕೆ ಕರೀರಿ, ಅವರ ಊಟಕ್ಕೆ ಹೋಗಿ. ಅವರ ಹಬ್ಬ, ಅವರ ಭಯ ಕೇಳಿ. ನಿಮ್ಮ ಕೇರಿಯ ಕತೆ ಹೇಳಿ. ದೌಲತಾಬಾದಿನ ಪ್ರಶ್ನೆಯನ್ನೂ ಕೇಳಿ, ಅವಮಾನ ಮಾಡೋಕಲ್ಲ, ಗೆಳೆಯನಾಗಿ.

ಆದರೆ ಆ ಪ್ರಶ್ನೆ ಮೊದಲು ನಮ್ಮ ರೂಮಿನಲ್ಲಿ ಏಳಲಿ. ಹೊಲೆಯರ ಹುಡುಗ, ಮಾದಿಗರ ಹುಡುಗ ಒಂದೇ ತಟ್ಟೇಲಿ ಉಣ್ತಾರಾ? ಊರಿಗೆ ಹೋದಾಗ ಒಬ್ಬರ ಮನೆಗೆ ಒಬ್ಬರು ಹೋಗ್ತಾರಾ? ಇಲ್ಲಿ ಉತ್ತರ ಕೊಡದೆ ಬೇರೆಯವರನ್ನು ಕೇಳೋ ಹಕ್ಕು ನಮಗೆ ಬರೋದಿಲ್ಲ.

ಜೈ ಭೀಮ್.